ಕಾಂಡ್ಲಕಾಡಿನ ಇಂಗಾಲದ ಲೆಕ್ಕ

ಸಮುದ್ರತೀರದ ಕಾಂಡ್ಲಕಾಡುಗಳು ವರ್ಷಕ್ಕೆ ಎಷ್ಟು ಇಂಗಾಲವನ್ನು ಗಾಳಿಯಿಂದ ಹೀರಿಕೊಳ್ಳುತ್ತವೆ, ಹೀರಿಕೊಂಡುದು ಬಳಿಕ ಯಾವ ಯಾವ ದಾರಿಯಲ್ಲಿ ಹೊರಟುಹೋಗುತ್ತದೆ ಎಂಬ ಎರಡು ಪ್ರಶ್ನೆಗಳನ್ನು ಎತ್ತಿಕೊಂಡು, ಬೆಲ್ಜಿಯಂ ದೇಶದ ವಿಜ್ಞಾನಿ ಸ್ಟೀವನ್ ಬೂಯೋನ್ ಅವರೂ ಅವರ ಸಹಕಾರಿಗಳೂ 2008ನೆಯ ಇಸವಿಯಲ್ಲಿ ‘ಗ್ಲೋಬಲ್ ಬಯೋಜಿಯೋಕೆಮಿಕಲ್ ಸೈಕಲ್ಸ್’ ಎಂಬ ಪತ್ರಿಕೆಯಲ್ಲಿ ಒಂದು ಲೇಖನವನ್ನು ಪ್ರಕಟಿಸಿದರು. ನಾನಾ ದೇಶಗಳ ತೀರಗಳಲ್ಲಿ ಅದುವರೆಗೆ ನಡೆದಿದ್ದ ಅಳತೆಗಳನ್ನೆಲ್ಲ ಕಲೆಹಾಕಿ, ಜಮಾಖರ್ಚಿನ ಕ್ರಮದಲ್ಲಿ ಅಣಿಗೊಳಿಸಿದ ಲೇಖನವದು. ಜಮೆಯ ಕಡೆ ನಿಂತ ಮೊತ್ತ ವರ್ಷಕ್ಕೆ 21.8 ಕೋಟಿ ಟನ್ನು ಇಂಗಾಲ. ಖರ್ಚಿನ ಕಡೆ ಗೊತ್ತಿದ್ದ ಬಾಬುಗಳನ್ನೆಲ್ಲ ಕೂಡಿಸಿದರೂ ಅದು ಜಮೆಯ ಅರ್ಧವನ್ನು ಮುಟ್ಟಲಿಲ್ಲ. ಮಿಕ್ಕ 11.2 ಕೋಟಿ ಟನ್ನು ಎಲ್ಲಿಗೆ ಹೋಯಿತೆಂಬುದು ತಿಳಿಯದೆ ಉಳಿಯಿತು. ಆ ಶಿಲ್ಕಿಗೆ ‘ಕಾಣೆಯಾದ ಇಂಗಾಲ’ವೆಂಬ ಹೆಸರು ಬಿದ್ದು, ಅಂದಿನಿಂದ ಈ ಶಾಸ್ತ್ರದಲ್ಲಿ ನಡೆದ ಚರ್ಚೆಯಲ್ಲಿ ಬಹುಭಾಗ ಅದರ ಸುತ್ತಲೇ ತಿರುಗಿದೆ.

ಈ ಲೇಖನದ ಯೋಗ್ಯತೆ ದೊಡ್ಡದು, ಅದರಲ್ಲಿ ಸಂದೇಹವಿಲ್ಲ. ಆದರೆ ಅದರ ಹೆಸರಿನಲ್ಲಿ ಈಚೆಗೆ ಹೇಳಲಾಗುತ್ತಿರುವ ಮಾತುಗಳೆಲ್ಲ ಅದರಿಂದ ಸಿದ್ಧವಾಗುತ್ತವೆಯೇ ಎಂಬುದು ವಿಚಾರಾರ್ಹವಾದ ವಿಷಯ. ಕಳೆದು ಉಳಿದುದು ಒಂದು, ಅಳೆದು ಕಂಡುದು ಇನ್ನೊಂದು. ಕಾಂಡ್ಲಕಾಡಿನ ಶಾಸ್ತ್ರದಲ್ಲಿ ಮೊದಲನೆಯದನ್ನು ಎರಡನೆಯದೆಂದು ಭಾವಿಸುವ ರೂಢಿ ಅರುವತ್ತು ವರ್ಷಗಳಿಂದ ಬೇರೂರಿದೆ. ಕಾಡನ್ನು ಕಡಿದು ಬೇರೆ ಕಡೆ ಸಸಿ ನೆಟ್ಟರೆ ನಷ್ಟ ತುಂಬಿತೆಂದು ತೀರ್ಮಾನಿಸುವವರೂ, ತೀರದ ಕಾಡಿನ ಇಂಗಾಲವನ್ನು ಟನ್ನಿನ ಲೆಕ್ಕದಲ್ಲಿ ಮಾರುವವರೂ ಇಂತಹ ಕೋಷ್ಟಕಗಳನ್ನೇ ಆಧಾರವಾಗಿ ಹಿಡಿಯುವ ಕಾಲದಲ್ಲಿ ಈ ಭೇದವು ಕೇವಲ ಪಂಡಿತರ ವಾದವಾಗಿ ಉಳಿಯುವುದಿಲ್ಲ.

ಮೊದಲು ಹೆಸರಿನ ವಿಷಯವಾಗಿ ಒಂದು ಮಾತು. ಉತ್ತರ ಕನ್ನಡದಲ್ಲಿಯೂ ಕುಂದಾಪುರದ ಕಡೆಯಲ್ಲಿಯೂ ಕಾಂಡ್ಲವೆಂದು ಕರೆಯುವ ಗಿಡಗಳನ್ನು ಮಲಯಾಳದಲ್ಲಿ ಕಂಡಲ್ ಎನ್ನುವರು. 1678ರಿಂದ 1693ರ ವರೆಗೆ ಹನ್ನೆರಡು ಸಂಪುಟಗಳಲ್ಲಿ ಹೊರಬಂದ ‘ಹೋರ್ಟಸ್ ಮಲಬಾರಿಕಸ್’ ಗ್ರಂಥದಲ್ಲಿ ವಾನ್ ರೀಡನು ಈ ದೇಶ್ಯನಾಮವನ್ನೇ ಬರೆದುಕೊಂಡನು. ಅದರಿಂದಲೇ ಸಸ್ಯಶಾಸ್ತ್ರದಲ್ಲಿ ‘ಕಂಡೇಲಿಯ’ ಎಂಬ ಕುಲನಾಮವು ಹುಟ್ಟಿತು. ಇಂಗ್ಲಿಷಿನ ‘ಮ್ಯಾಂಗ್ರೋವ್’ ಶಬ್ದಕ್ಕೆ ಕನ್ನಡದಲ್ಲಿ ಹೊಸ ಪದವನ್ನು ಹುಡುಕುವ ಶ್ರಮ ಅನಾವಶ್ಯಕ. ಉಪ್ಪುನೀರಿನ ಕೆಸರಿನಲ್ಲಿ ಬೆಳೆದು, ದಿನಕ್ಕೆ ಎರಡು ಸಲ ಭರತದ ನೀರಿನಲ್ಲಿ ಕಾಲು ತೊಳೆದುಕೊಳ್ಳುವ ಕಾಡು ಯಾವುದಿದ್ದರೂ ಇಲ್ಲಿ ಕಾಂಡ್ಲಕಾಡೆಂದೇ ಕರೆಯಲಾಗಿದೆ.

ಈ ಶಾಸ್ತ್ರದ ಪೂರ್ವಕಥೆಯು ಕಾಂಡ್ಲಕಾಡಿನಲ್ಲಿ ಆರಂಭವಾಗದೆ ಅಮೆರಿಕದ ಜಾರ್ಜಿಯಾ ಸಂಸ್ಥಾನದ ಜೌಗುಹುಲ್ಲಿನ ಬಯಲಿನಲ್ಲಿ ಆರಂಭವಾಯಿತು. 1962ರಲ್ಲಿ ಜಾನ್ ಟೀಲ್ ಎಂಬವರು ಅಲ್ಲಿಯ ಹುಲ್ಲು ಎಷ್ಟು ಬೆಳೆಯುತ್ತದೆ, ಅದನ್ನು ಅಲ್ಲಿಯೇ ವಾಸಿಸುವ ಹುಳುಹುಪ್ಪಟೆ ಏಡಿಗಳೂ ಸೂಕ್ಷ್ಮಜೀವಿಗಳೂ ಎಷ್ಟು ತಿಂದುಮುಗಿಸುತ್ತವೆ ಎಂಬುದನ್ನು ಲೆಕ್ಕಹಾಕಿ, ಉತ್ಪನ್ನದಲ್ಲಿ ನೂರಕ್ಕೆ 45 ಪಾಲು ಭರತದ ನೀರಿನೊಡನೆ ಹೊರಗೆ ಹೋಗುತ್ತದೆಂದು ಹೇಳಿದರು. ಇಲ್ಲಿ ಗಮನಿಸಬೇಕಾದ ಸಂಗತಿಯೇನೆಂದರೆ, ಹೊರಗೆ ಹೋಗುವುದನ್ನು ಟೀಲ್ ಅವರು ಹೊರಗೆ ನಿಂತು ಅಳೆದವರಲ್ಲ. ಬೆಳೆದುದರಲ್ಲಿ ತಿಂದುದನ್ನು ಕಳೆದರು. ಉಳಿದುದು ಸಮುದ್ರಕ್ಕೆ ಹೋಗಿರಬೇಕೆಂದು ಊಹಿಸಿದರು. ಆರು ವರ್ಷಗಳ ಬಳಿಕ, 1968ರಲ್ಲಿ, ಯೂಜಿನ್ ಓಡಮ್ ಅವರು ಈ ಊಹೆಗೆ ‘ಔಟ್‌ವೆಲಿಂಗ್’ ಎಂದು ಹೆಸರಿಟ್ಟರು. ಕನ್ನಡದಲ್ಲಿ ಹೊರಹರಿವು ಎನ್ನಬಹುದು. ಹೆಸರು ಬಂದೊಡನೆ ಊಹೆಗೆ ಸಿದ್ಧಾಂತದ ಗೌರವವೂ ಬಂದಿತು.

ಇದನ್ನು ಕಾಂಡ್ಲಕಾಡಿಗೆ ಅನ್ವಯಿಸಿದವರು ಎರಿಕ್ ಹೀಲ್ಡ್ ಅವರೂ, ಯೂಜಿನ್ ಓಡಮ್ ಅವರ ಮಗನಾದ ವಿಲಿಯಂ ಓಡಮ್ ಅವರೂ. ಫ್ಲಾರಿಡಾ ಸಂಸ್ಥಾನದ ದಕ್ಷಿಣತುದಿಯಲ್ಲಿ ಎವರ್‌ಗ್ಲೇಡ್ಸ್ ಎಂಬ ಜೌಗುಪ್ರದೇಶದ ನಾರ್ತ್ ರಿವರ್ ಎಂಬ ನದಿಯಲ್ಲಿ ಇವರು ದುಡಿದರು. ಉದುರಿದ ಎಲೆ ನೀರಿನಲ್ಲಿ ನೆನೆಯುತ್ತದೆ. ಶಿಲೀಂಧ್ರಗಳೂ ಬ್ಯಾಕ್ಟೀರಿಯಗಳೂ ಅದನ್ನು ಹಿಡಿಯುತ್ತವೆ. ಆಗ ನಿಸ್ಸಾರವಾದ ಎಲೆಗೆ ಪುಷ್ಟಿ ಬರುತ್ತದೆ. ಅದನ್ನು ಸಣ್ಣ ಸಿಗಡಿ ಏಡಿಗಳು ತಿನ್ನುತ್ತವೆ. ಅವನ್ನು ಮೀನು ತಿನ್ನುತ್ತದೆ. ಈ ಸರಪಣಿಯನ್ನು ಅವರು ಮೀನಿನ ಹೊಟ್ಟೆಯನ್ನು ಸೀಳಿ ನೋಡಿ ನಿರೂಪಿಸಿದರು. ಕಷ್ಟಸಾಧ್ಯವಾದ, ಪ್ರಾಮಾಣಿಕವಾದ ಕೆಲಸ. ಕಾಂಡ್ಲಕಾಡು ಕೇವಲ ಸೊಳ್ಳೆಯ ತವರೆಂದು ತಿಳಿದು ಅದನ್ನು ಹೂಳುತ್ತಿದ್ದ ಕಾಲದಲ್ಲಿ, ಆ ಕಾಡು ಮೀನುಗಾರನ ಅನ್ನದ ಮೂಲವೆಂದು ಹೇಳಿ ಅದನ್ನು ಉಳಿಸಬಯಸುವವರಿಗೆ ಈ ಕೆಲಸವು ಬಲವಾದ ಆಯುಧವಾಯಿತು. ಆದರೆ ಒಂದು ನದಿಯಲ್ಲಿ ಕಂಡ ಸರಪಣಿಯನ್ನು ಎಲ್ಲ ತೀರಗಳಿಗೂ ಹಬ್ಬಿಸಿದವರು ಬಹುಮಂದಿ. 1980ರಲ್ಲಿ ಸ್ಕಾಟ್ ನಿಕ್ಸನ್ ಅವರು ಜೌಗುಹುಲ್ಲಿನ ವಿಷಯದಲ್ಲಿ ಇಪ್ಪತ್ತು ವರ್ಷಗಳ ವಾಙ್ಮಯವನ್ನು ಪರಾಮರ್ಶಿಸಿ, ನಂಬಿಕೆ ಎಷ್ಟು ದೃಢವಾಗಿದೆಯೋ ಆಧಾರ ಅಷ್ಟು ದೃಢವಾಗಿಲ್ಲವೆಂದು ತೋರಿಸಿಕೊಟ್ಟರು.

ಕಾಂಡ್ಲಕಾಡಿನಲ್ಲಿಯೂ ಅಳತೆಗಳು ನಿಧಾನವಾಗಿ ಬಂದುವು. ಆಸ್ಟ್ರೇಲಿಯಾದ ಈಶಾನ್ಯತೀರದ ಹಿಂಚಿನ್‌ಬ್ರೂಕ್ ದ್ವೀಪದಲ್ಲಿ ಬೋಟೊ ಮತ್ತು ಬಂಟ್ ಎಂಬವರು 1981ರಲ್ಲಿ ಇಳಿತದ ನೀರಿನೊಡನೆ ತೇಲಿಹೋಗುವ ಎಲೆಯನ್ನು ನಿಜವಾಗಿಯೂ ಅಳೆದರು, ಅದು ಅಲ್ಪವಲ್ಲ. ಅದೇ ಪ್ರಾಂತದಲ್ಲಿ ರಾಬರ್ಟ್‌ಸನ್ ಅವರು 1986ರಲ್ಲಿ ಪ್ರಕಟಿಸಿದ ಕೆಲಸ ಇನ್ನೊಂದು ಬಗೆಯದು. ಉದುರಿದ ಎಲೆಯಲ್ಲಿ ನಾಲ್ಕರಲ್ಲಿ ಒಂದು ಪಾಲಿಗಿಂತ ಹೆಚ್ಚನ್ನು ಭರತ ಬರುವುದಕ್ಕೆ ಮುಂಚೆಯೇ ಏಡಿಗಳು ಬಿಲದೊಳಕ್ಕೆ ಎಳೆದುಕೊಳ್ಳುತ್ತವೆ ಎಂದು ಅವರು ಕಂಡರು. ಏಡಿಗಳಿಲ್ಲವೆಂದು ಭಾವಿಸಿ ಮಾಡಿದ ಹೊರಹರಿವಿನ ಲೆಕ್ಕವೆಲ್ಲ ಅಲ್ಲಿಗೆ ಸಡಿಲವಾಯಿತು.

ಇದಕ್ಕಿಂತಲೂ ಬಲವಾದ ಆಕ್ಷೇಪಣೆಯು ಭಾರತದ ಪೂರ್ವತೀರದಿಂದ ಬಂದಿತು. ಆಂಧ್ರದೇಶದಲ್ಲಿ ಕಾಕಿನಾಡದ ಬಳಿ ಗೌತಮೀ ಗೋದಾವರಿಯ ಮುಖಜಭೂಮಿಯಲ್ಲಿರುವ ಕೋರಂಗಿಯ ಕಾಂಡ್ಲಕಾಡಿನಲ್ಲಿ ಬೂಯೋನ್ ಅವರು ಭಾರತೀಯ ವಿದ್ವಾಂಸರೊಡನೆ ಕೂಡಿ ನಡೆಸಿದ ಸಂಶೋಧನೆ 2000ದಲ್ಲಿ ಪ್ರಕಟವಾಯಿತು. ಇಂಗಾಲದಲ್ಲಿ ಹಗುರವಾದದ್ದು, ತೂಕವಾದದ್ದು ಎಂಬ ಎರಡು ಸ್ಥಿರವಾದ ಸಮಸ್ಥಾನಿಗಳಿವೆ. ಕಾಂಡ್ಲದ ಎಲೆಯಲ್ಲಿ ಅವುಗಳ ಪ್ರಮಾಣ ಒಂದು ಬಗೆ; ಕಡಲ ನೀರಿನ ಸೂಕ್ಷ್ಮಪಾಚಿಯಲ್ಲಿ ಇನ್ನೊಂದು ಬಗೆ. ತಿಂದ ಪ್ರಾಣಿಯ ಮೈಯಲ್ಲಿ ಆ ಗುರುತು ಉಳಿಯುತ್ತದೆ. ಹೊಟ್ಟೆಯನ್ನು ಸೀಳಿ ನೋಡಿದರೆ ನುಂಗಿದುದು ಮಾತ್ರ ಕಾಣುವುದು, ಸಮಸ್ಥಾನಿಯಿಂದ ಅರಗಿದುದು ತಿಳಿಯುವುದು. ಕೋರಂಗಿಯ ಕಾಲುವೆಗಳಲ್ಲಿ ಕಾಡಿನ ಕಸ ನೀರಿನಲ್ಲಿ ಧಾರಾಳವಾಗಿ ಕದಡಿಕೊಂಡಿದ್ದರೂ ಅಲ್ಲಿಯ ತೇಲುಪ್ರಾಣಿಗಳು ಅದನ್ನು ಬಿಟ್ಟು ಪಾಚಿಯನ್ನೇ ಆರಿಸಿ ತಿನ್ನುತ್ತಿದ್ದುವು. ಎಲೆಯಿಂದ ಮೀನಿಗೆ ಹೋಗುವ ನೇರವಾದ ಹಾದಿಯು ಎಲ್ಲ ಕಡೆಯಲ್ಲಿಯೂ ರಾಜಮಾರ್ಗವಲ್ಲವೆಂದು ಇದರಿಂದ ಸಿದ್ಧವಾಯಿತು. ಹಾಗಾದರೆ ಎಲೆಯ ಇಂಗಾಲ ಎಲ್ಲಿ ಹೋಯಿತು? 2008ರ ಲೆಕ್ಕಕ್ಕೆ ಪ್ರೇರಣೆಯಾದುದು ಈ ಬಗೆಯ ಪ್ರಶ್ನೆಯೇ ಎಂದು ತೋರುತ್ತದೆ.

ಲೆಕ್ಕದ ಬಾಬುಗಳನ್ನು ಈಗ ಒಂದೊಂದಾಗಿ ನೋಡಬಹುದು. ಎಲೆ, ಮರ, ಬೇರು ಈ ಮೂರರ ಬೆಳವಣಿಗೆಯನ್ನು ಕೂಡಿಸಿ 21.8 ಕೋಟಿ ಟನ್ನು ಜಮೆ. ಖರ್ಚಿನಲ್ಲಿ, ಕೆಸರಿನಿಂದಲೂ ನೀರಿನಿಂದಲೂ ಅಂಗಾರಾಮ್ಲವಾಯುವಾಗಿ ಗಾಳಿಗೆ ಹಿಂತಿರುಗುವುದು 4.2 ಕೋಟಿ, ಕಣರೂಪದಲ್ಲಿ ಸಮುದ್ರಕ್ಕೆ ಹೋಗುವುದು 2.1 ಕೋಟಿ, ಚಹದ ಬಣ್ಣದಂತೆ ನೀರಿನಲ್ಲಿ ಕರಗಿದ ಸೇಂದ್ರಿಯ ರೂಪದಲ್ಲಿ ಹೋಗುವುದು 2.4 ಕೋಟಿ; ಕೆಸರಿನಲ್ಲಿ ಹೂತು ಉಳಿಯುವುದು 1.84 ಕೋಟಿ. ಒಟ್ಟು ಹತ್ತೂವರೆ ಕೋಟಿ ಟನ್ನು.

ಬಹುಪಾಲು ಅಂಕಿಗಳ ಮುಂದೆ ಲೇಖಕರು ಅವುಗಳ ಅನಿಶ್ಚಯವನ್ನು ನಮೂದಿಸಿದ್ದಾರೆ. ಇದು ಅವರ ಪ್ರಾಮಾಣಿಕತೆಗೆ ಸಾಕ್ಷಿ. ಉಲ್ಲೇಖಿಸುವವರಲ್ಲಿ ಬಹುಮಂದಿ ಆ ಎರಡನೆಯ ಅಂಕಿಯನ್ನು ಬಿಟ್ಟುಬಿಡುತ್ತಾರೆ. ಕಣರೂಪದ ಹೊರಹರಿವು 2.1 ಕೋಟಿಯಾದರೆ ಅದರ ಅನಿಶ್ಚಯ ಅತ್ತಿತ್ತ 2.2 ಕೋಟಿ, ಎಂದರೆ ಅಂಕಿಗಿಂತ ಅನಿಶ್ಚಯವೇ ದೊಡ್ಡದು. ಕಾಣೆಯಾದ 11.2 ಕೋಟಿಗೆ ಅನಿಶ್ಚಯ 8.5 ಕೋಟಿ. ಆದುದರಿಂದ ಕಾಣೆಯಾದುದು 2.7 ಕೋಟಿಯೂ ಇರಬಹುದು, 19.7 ಕೋಟಿಯೂ ಇರಬಹುದು. ಇಷ್ಟು ಅಗಲವಾದ ಬಾಗಿಲಿನಲ್ಲಿ ಯಾವ ಸಿದ್ಧಾಂತವಾದರೂ ತಲೆತಗ್ಗಿಸದೆ ಒಳಗೆ ಹೋಗಬಹುದು.

ಕಾಡಿನ ವಿಸ್ತಾರದ ವಿಷಯವೂ ಹಾಗೆಯೇ. ಲೇಖನದಲ್ಲಿ ಹಿಡಿದ ವಿಸ್ತಾರ 1,60,000 ಚದರ ಕಿಲೊಮೀಟರು. ಉಪಗ್ರಹಚಿತ್ರಗಳಿಂದ ಗಿರಿ ಮತ್ತು ಸಹಕಾರಿಗಳು 2000ನೆಯ ವರ್ಷಕ್ಕೆ ಸಂಬಂಧಿಸಿದಂತೆ ತಯಾರಿಸಿ 2011ರಲ್ಲಿ ಪ್ರಕಟಿಸಿದ ನಕಾಶೆಯ ಪ್ರಕಾರ ಅದು 1,37,760 ಚದರ ಕಿಲೊಮೀಟರು ಮಾತ್ರ. ಈ ಒಂದು ತಿದ್ದುಪಡಿಯಿಂದಲೇ ಜಮೆಯು 21.8 ಕೋಟಿಯಿಂದ ಸುಮಾರು 18.8 ಕೋಟಿಗೆ ಇಳಿಯುತ್ತದೆ. ಖರ್ಚಿನ ಬಾಬುಗಳೂ ಅದೇ ಪ್ರಮಾಣದಲ್ಲಿ ಇಳಿಯುವುದರಿಂದ ಅರ್ಧ ಕಾಣೆಯೆಂಬ ಮಾತು ಬದಲಾಗುವುದಿಲ್ಲ. ಆದರೆ 11.2 ಕೋಟಿ ಎಂಬ ಅಂಕಿಯನ್ನು ಇನ್ನೂ ಹಾಗೆಯೇ ಎತ್ತಿ ಬರೆಯುವುದು ಸರಿಯಲ್ಲ.

ಇವೆರಡೂ ಅಂಕಿಗಳ ವಿಷಯವಾಯಿತು. ಇವಕ್ಕಿಂತ ಆಳವಾದ ತೊಡಕು ಬಾಬುಗಳ ಅರ್ಥದಲ್ಲಿಯೇ ಇದೆ. ಕೆಸರಿನ ಮೇಲೆ ಗಾಜಿನ ಗೂಡನ್ನಾಗಲಿ ತಗಡಿನ ಗೂಡನ್ನಾಗಲಿ ಮಗುಚಿ ಹೊರಬರುವ ವಾಯುವನ್ನು ಅಳೆದರೆ, ಅದರಲ್ಲಿ ಕೊಳೆತ ಎಲೆಯದೆಷ್ಟು, ಬದುಕಿರುವ ಬೇರು ಬಿಟ್ಟ ಉಸಿರೆಷ್ಟು ಎಂಬುದು ತಿಳಿಯುವುದಿಲ್ಲ. ಬೇರಿನ ಉಸಿರು ಗಿಡವು ಬೆಳೆಯುವುದಕ್ಕೆ ಮುಂಚೆಯೇ ವೆಚ್ಚವಾದುದು. ಅದು ನಿವ್ವಳ ಬೆಳವಣಿಗೆಯ ಜಮೆಯಲ್ಲಿ ಸೇರಿಯೇ ಇಲ್ಲ. ಅದನ್ನು ಖರ್ಚಿಗೆ ಹಾಕಿದರೆ ಲೆಕ್ಕ ಒಂದು ಕಡೆಗೆ ವಾಲುತ್ತದೆ. ಇನ್ನು, ಗೂಡನ್ನು ಇಡುವವರು ಸಾಮಾನ್ಯವಾಗಿ ಏಡಿಯ ಬಿಲವಿಲ್ಲದ, ಉಸಿರುಬೇರು ಎದ್ದಿಲ್ಲದ ಸಮನಾದ ಜಾಗವನ್ನು ಆರಿಸಿಕೊಳ್ಳುತ್ತಾರೆ. ವಾಯು ಹೆಚ್ಚಾಗಿ ಹೊರಡುವುದು ಆ ಬಿಲಬೇರುಗಳಿಂದಲೇ. ಅದರಿಂದ ಲೆಕ್ಕ ಇನ್ನೊಂದು ಕಡೆಗೆ ವಾಲುತ್ತದೆ. ಎರಡು ದೋಷಗಳು ಒಂದನ್ನೊಂದು ಸರಿದೂಗಿಸುತ್ತವೆಂದು ನಂಬುವುದಕ್ಕೆ ಆಧಾರವೇನೂ ಇಲ್ಲ. ಜಮೆಯ ಕಡೆಯಲ್ಲಿಯೂ ಬೇರಿನ ಬೆಳವಣಿಗೆಯನ್ನು ನೇರವಾಗಿ ಅಳೆದ ಕಡೆಗಳು ಅತ್ಯಲ್ಪ. ಕೆಸರಿನ ಒಳಗಿನದನ್ನು ಅಗೆದು ನೋಡುವುದು ಯಾರಿಗೂ ಪ್ರಿಯವಾದ ಕೆಲಸವಲ್ಲ.

ಹೂತು ಉಳಿಯುವ ಇಂಗಾಲದ ಬಾಬಿನಲ್ಲಿ ಮತ್ತೊಂದು ಅಡಚಣೆಯಿದೆ. ಗಂಗೆ, ಗೋದಾವರಿಗಳಂತಹ ನದಿಗಳ ಮುಖದಲ್ಲಿರುವ ಕೆಸರಿನಲ್ಲಿ ಸೇರಿರುವ ಇಂಗಾಲವೆಲ್ಲ ಅಲ್ಲಿಯ ಕಾಡಿನದಲ್ಲ. ನದಿಯು ಮೇಲಿನಿಂದ ಹೊತ್ತು ತಂದುದೂ, ಸಮುದ್ರವು ಒಳಕ್ಕೆ ನೂಕಿದುದೂ ಅದರಲ್ಲಿ ಉಂಟು. ಕೋರಂಗಿಯ ಕೆಸರಿನಲ್ಲಿಯೇ ಬೂಯೋನ್ ಅವರು ಇದನ್ನು ಸಮಸ್ಥಾನಿಯಿಂದ ತೋರಿಸಿದ್ದರು. ಬೇರೆಯವರ ಹಣವನ್ನು ಠೇವಣಿಯಲ್ಲಿಟ್ಟುಕೊಂಡವನು ಅದನ್ನು ತನ್ನ ಗಳಿಕೆಯ ಉಳಿತಾಯವೆಂದು ಬರೆದುಕೊಳ್ಳಲಾಗುವುದಿಲ್ಲ.

ಇಷ್ಟೆಲ್ಲ ಇದ್ದರೂ ಲೇಖನದ ಮುಖ್ಯವಾದ ಸೂಚನೆಯು ಸರಿಯಾದ ದಿಕ್ಕಿಗೆ ಕೈತೋರಿಸಿತು. ಕಾಣೆಯಾದ ಇಂಗಾಲವು ಎಲೆಯಾಗಿಯಾಗಲಿ ಎಲೆಯ ಕಷಾಯವಾಗಿಯಾಗಲಿ ಹೋಗದೆ, ಪೂರ್ತಿಯಾಗಿ ಕೊಳೆತು ನಿರಿಂದ್ರಿಯ ರೂಪದಲ್ಲಿ ನೀರಿನಲ್ಲಿ ಕರಗಿ ಹೋಗುತ್ತಿರಬಹುದೆಂದು ಲೇಖಕರು ಊಹಿಸಿದರು. ಈ ಊಹೆಯ ಹಿಂದಿರುವ ರಸಾಯನವನ್ನು ವಿವರಿಸುವುದು ಅವಶ್ಯಕ, ಏಕೆಂದರೆ ಮುಂದಿನ ವಾದವೆಲ್ಲ ಅದನ್ನೇ ಅವಲಂಬಿಸಿದೆ.

ಕಾಂಡ್ಲದ ಕೆಸರಿನಲ್ಲಿ ಮೇಲಿನ ತೆಳುವಾದ ಪದರವನ್ನು ಬಿಟ್ಟರೆ ಆಮ್ಲಜನಕವಿಲ್ಲ. ಅಲ್ಲಿಯ ಬ್ಯಾಕ್ಟೀರಿಯಗಳು ಉಸಿರಾಟಕ್ಕೆ ಸಮುದ್ರದ ನೀರಿನಲ್ಲಿರುವ ಸಲ್ಫೇಟನ್ನು, ಎಂದರೆ ಗಂಧಕದ ಲವಣವನ್ನು, ಬಳಸಿಕೊಳ್ಳುತ್ತವೆ. ಈ ಕ್ರಿಯೆಯಲ್ಲಿ ಎರಡು ಪದಾರ್ಥಗಳು ಹುಟ್ಟುತ್ತವೆ. ಒಂದು, ಕೊಳೆತ ಮೊಟ್ಟೆಯ ವಾಸನೆಯ ಗಂಧಕದ ವಾಯು. ಕಾಂಡ್ಲದ ಕೆಸರನ್ನು ತುಳಿದವರೆಲ್ಲ ಅದನ್ನು ಬಲ್ಲರು. ಇನ್ನೊಂದು, ಬೈಕಾರ್ಬೊನೇಟು, ಅಡಿಗೆಯ ಸೋಡದಲ್ಲಿರುವುದೂ ಅದೇ. ಸಲ್ಫೇಟಿನ ಒಂದು ಅಂಶಕ್ಕೆ ಬೈಕಾರ್ಬೊನೇಟಿನ ಎರಡು ಅಂಶ ಹುಟ್ಟುತ್ತದೆ. ಅಂಗಾರಾಮ್ಲವಾಯುವಾಗಿದ್ದರೆ ನೀರಿನಿಂದ ಗಾಳಿಗೆ ಸುಲಭವಾಗಿ ಹಾರಿಹೋಗುತ್ತಿದ್ದ ಇಂಗಾಲವು ಬೈಕಾರ್ಬೊನೇಟಾದಾಗ ಹಾರಿಹೋಗದೆ ನೀರಿನಲ್ಲಿ ನಿಲ್ಲುತ್ತದೆ. ಗೂಡು ಮಗುಚಿ ಅಳೆದವರಿಗೆ ಅದು ಸಿಕ್ಕದು. ಬಲೆಯೊಡ್ಡಿ ಎಲೆ ಹಿಡಿದವರಿಗೂ ಸಿಕ್ಕದು. ನೀರನ್ನು ಸೋಸಿ ಸೇಂದ್ರಿಯ ದ್ರವ್ಯವನ್ನು ಹುಡುಕಿದವರಿಗೂ ಸಿಕ್ಕದು. ನಲುವತ್ತು ವರ್ಷಗಳ ಕಾಲ ಅದು ಎಲ್ಲರ ಕಣ್ಣ ಮುಂದೆಯೇ ಹರಿದುಹೋಗುತ್ತಿತ್ತು.

ಆದರೆ ಕೆಸರಿನ ಆಳದಲ್ಲಿ ಹುಟ್ಟಿದುದು ಕಾಲುವೆಗೆ ಬರುವುದು ಹೇಗೆ? ನುಣುಪಾದ ಜೇಡಿಯಲ್ಲಿ ನೀರು ಬಹು ನಿಧಾನವಾಗಿ ಜಿನುಗುತ್ತದೆ. ಇಲ್ಲಿ ಏಡಿಗಳು ಮತ್ತೆ ರಂಗಕ್ಕೆ ಬರುತ್ತವೆ. ಅವುಗಳ ಬಿಲಗಳಿಂದ ಕೆಸರು ಜರಡಿಯಂತೆ ತೂತಾಗಿರುತ್ತದೆ. ಭರತ ಏರಿದಾಗ ಬಿಲಗಳು ತುಂಬುತ್ತವೆ. ಇಳಿತದಲ್ಲಿ ಕಾಲುವೆಯ ನೀರು ಕೆಳಕ್ಕೆ ಹೋದಾಗ ಬಿಲಗಳ ನೀರು, ಸುತ್ತಲಿನ ಕೆಸರು ಬಿಟ್ಟುಕೊಟ್ಟ ಬೈಕಾರ್ಬೊನೇಟಿನೊಡನೆ, ದಂಡೆಯಿಂದ ಸೋರಿ ಕಾಲುವೆಗೆ ಇಳಿಯುತ್ತದೆ. ದಿನಕ್ಕೆ ಎರಡು ಸಲ ಹೀಗೆ ಕಾಡು ಒಳಗಿನಿಂದ ತೊಳೆಯಲ್ಪಡುತ್ತದೆ. ಎಲೆಯನ್ನು ಹೊರಹರಿಯದಂತೆ ತಡೆದ ಪ್ರಾಣಿಯೇ ಅದೇ ಎಲೆಯ ಇಂಗಾಲವನ್ನು ಬೇರೊಂದು ವೇಷದಲ್ಲಿ ಹೊರಗೆ ಕಳುಹಿಸುವುದು ಈ ವಿಷಯದ ವೈಚಿತ್ರ್ಯಗಳಲ್ಲಿ ಒಂದು.

ಇದನ್ನು ಅಳತೆಗೆ ತಂದವರು ಆಸ್ಟ್ರೇಲಿಯಾದ ಡೇಮಿಯನ್ ಮಾಹರ್, ಐಸಾಕ್ ಸ್ಯಾಂಟೋಸ್ ಮೊದಲಾದವರು. ಕ್ವೀನ್ಸ್‌ಲೆಂಡಿನ ಮೊರ್ಟನ್ ಕೊಲ್ಲಿಯ ದಕ್ಷಿಣಭಾಗದ ಒಂದು ಕಾಲುವೆಯಲ್ಲಿ ಅವರು ರೇಡಾನ್ ವಾಯುವನ್ನು ಗುರುತಾಗಿ ಉಪಯೋಗಿಸಿದರು. ರೇಡಾನು ಮಣ್ಣಿನೊಳಗಿನ ರೇಡಿಯಮ್ಮಿನಿಂದ ಹುಟ್ಟುತ್ತದೆ. ನಾಲ್ಕು ದಿನಗಳೊಳಗೆ ಅರ್ಧವಾಗುತ್ತದೆ. ಕಾಲುವೆಯ ನೀರಿನಲ್ಲಿ ಅದು ಕಂಡುಬಂದರೆ ಆ ನೀರು ಸ್ವಲ್ಪ ಮುಂಚೆ ಮಣ್ಣಿನ ಒಳಗಿತ್ತೆಂದು ತಿಳಿಯಬಹುದು. 2013ರಲ್ಲಿ ಪ್ರಕಟವಾದ ಅವರ ಲೇಖನದ ಪ್ರಕಾರ, ಕಾಲುವೆಯಿಂದ ಹೊರಹೋದ ನಿರಿಂದ್ರಿಯ ಇಂಗಾಲದಲ್ಲಿ ನೂರಕ್ಕೆ ತೊಂಬತ್ತಕ್ಕಿಂತಲೂ ಹೆಚ್ಚು ಪಾಲು ಹೀಗೆ ಕೆಸರಿನೊಳಗಿನಿಂದ ಬಂದ ನೀರಿನದು. ಲೇಖನದ ಶಿರೋನಾಮದಲ್ಲಿಯೇ ಅವರು, ಕಾಣೆಯಾದ ಇಂಗಾಲ ಇದೇ ಆಗಿರಬಹುದೇ ಎಂದು ಕೇಳಿದ್ದಾರೆ. ಪ್ರಶ್ನಾರ್ಥಕ ಚಿಹ್ನೆ ಅಲ್ಲಿದೆ. ಅನಂತರ ಬರೆದವರಲ್ಲಿ ಅನೇಕರು ಚಿಹ್ನೆಯನ್ನು ತೆಗೆದುಹಾಕಿದರು.

ಆ ಚಿಹ್ನೆ ಅಲ್ಲಿರಲೇಬೇಕು. ಮೊದಲನೆಯದಾಗಿ, ಅದು ಒಂದು ಕಾಲುವೆ. ಎರಡನೆಯದಾಗಿ, ಹೊರಬಂದ ನಿರಿಂದ್ರಿಯ ಇಂಗಾಲವು ಅಂಗಾರಾಮ್ಲವಾಯುವಿನ ರೂಪದಲ್ಲಿದ್ದಷ್ಟು ಮಟ್ಟಿಗೆ ಕಾಲುವೆಯ ಬಾಯಿಯನ್ನು ದಾಟಿ ಸ್ವಲ್ಪ ದೂರದಲ್ಲಿಯೇ ಗಾಳಿಗೆ ಹೋಗಬಹುದು. ಬೈಕಾರ್ಬೊನೇಟಿನ ರೂಪದಲ್ಲಿದ್ದಷ್ಟು ಮಟ್ಟಿಗೆ ಮಾತ್ರ ಸಾವಿರಾರು ವರ್ಷ ಸಮುದ್ರದಲ್ಲಿ ನಿಲ್ಲಬಹುದು. ಎರಡನ್ನೂ ಕೂಡಿಸಿ ಒಂದೇ ಅಂಕಿಯಾಗಿ ಹೇಳಿದರೆ ನಿಲ್ಲುವುದೆಷ್ಟು, ಹಾರುವುದೆಷ್ಟು ತಿಳಿಯದು. ಮೂರನೆಯದು ಎಲ್ಲಕ್ಕಿಂತ ಮುಖ್ಯ. ಬೈಕಾರ್ಬೊನೇಟಿನ ಸ್ಥಿರತೆಯು ಅದರ ಜೊತೆಯಲ್ಲಿ ಹುಟ್ಟಿದ ಗಂಧಕದ ವಾಯುವಿನ ಗತಿಯನ್ನು ಅವಲಂಬಿಸಿದೆ. ಆ ಗಂಧಕವು ಮತ್ತೆ ಆಮ್ಲಜನಕವನ್ನು ಸೇರಿ ಸಲ್ಫೇಟಾದರೆ ಆಮ್ಲ ಹುಟ್ಟುತ್ತದೆ, ಆಮ್ಲವು ಬೈಕಾರ್ಬೊನೇಟನ್ನು ಒಡೆದು ಅಂಗಾರಾಮ್ಲವಾಯುವನ್ನು ಮರಳಿ ಬಿಡಿಸುತ್ತದೆ, ಗಳಿಸಿದುದೆಲ್ಲ ಹೋಯಿತು. ಕೆಸರಿನಲ್ಲಿ ಕಬ್ಬಿಣವಿದ್ದು ಅದು ಗಂಧಕವನ್ನು ಹಿಡಿದು ಪೈರೈಟೆಂಬ ಖನಿಜವಾಗಿ ಹೂತಿಟ್ಟರೆ ಮಾತ್ರ ಬೈಕಾರ್ಬೊನೇಟು ಉಳಿಯುತ್ತದೆ. ಎಂದಮೇಲೆ ಸಮುದ್ರಕ್ಕೆ ಹೋದ ಇಂಗಾಲದ ಭದ್ರತೆಯು ಕಾಡಿನ ಕೆಸರಿನಲ್ಲಿ ಉಳಿದ ಗಂಧಕದ ಭದ್ರತೆಗೆ ಕಟ್ಟುಬಿದ್ದಿದೆ. ಕಾಡನ್ನು ಕಡಿದು, ಕಟ್ಟೆ ಹಾಕಿ, ನೀರನ್ನು ಹೊರಹಾಕಿ ಕೆಸರನ್ನು ಗಾಳಿಗೆ ಒಡ್ಡಿದರೆ ಪೈರೈಟು ಸುಟ್ಟು ಗಂಧಕಾಮ್ಲವಾಗುತ್ತದೆ. ಅಂತಹ ನೆಲದಲ್ಲಿ ಸಿಗಡಿಯನ್ನು ಸಾಕಹೋದವರು ಕೆಲವು ವರ್ಷಗಳಲ್ಲಿಯೇ ಹುಳಿಯೇರಿದ ಕೊಳಗಳನ್ನು ಬಿಟ್ಟುಹೋದ ದೃಷ್ಟಾಂತಗಳು ಆಗ್ನೇಯ ಏಷ್ಯದಲ್ಲಿ ಹೇರಳವಾಗಿವೆ.

ಉತ್ತರ ಬ್ರೆಜಿಲಿನ ತೀರದಲ್ಲಿ ಡಿಟ್‌ಮಾರ್ ಮತ್ತು ಸಂಗಡಿಗರು 2006ರಲ್ಲಿ ಮಾಡಿದ ಕೆಲಸವನ್ನೂ ಇಲ್ಲಿ ನೆನೆಯಬೇಕು. ನೆಲದಿಂದ ಸಮುದ್ರಕ್ಕೆ ಹೋಗುವ ಕರಗಿದ ಸೇಂದ್ರಿಯ ಇಂಗಾಲದಲ್ಲಿ ಹತ್ತರಲ್ಲಿ ಒಂದು ಪಾಲಿಗಿಂತ ಹೆಚ್ಚು ಕಾಂಡ್ಲಕಾಡಿನದೆಂದು ಅವರು ಎಣಿಸಿದರು. ಒಂದು ತೀರದ ಅಳತೆಯನ್ನು ಭೂಮಂಡಲಕ್ಕೆ ಹಿಗ್ಗಿಸಿದ ಅಂಕಿಯಾದುದರಿಂದ ಅದನ್ನು ಎಚ್ಚರಿಕೆಯಿಂದ ಹಿಡಿಯಬೇಕು. ಆದರೆ ಅದು ಕಳೆದುಳಿದ ಅಂಕಿಯಲ್ಲ, ಅಳೆದ ಅಂಕಿ.

ಈಗ ದಾಸ್ತಾನಿನ ವಿಷಯ. 2011ರಲ್ಲಿ ಡೊನಾಟೊ ಮತ್ತು ಸಹಕಾರಿಗಳು ಹಿಂದೂ-ಶಾಂತ ಮಹಾಸಾಗರಗಳ ತೀರದ 25 ಕಾಂಡ್ಲಕಾಡುಗಳಲ್ಲಿ ಕೆಸರನ್ನು ಕೊರೆದು ನೋಡಿ, ಹೆಕ್ಟೇರಿಗೆ ಸರಾಸರಿ 1,023 ಟನ್ನು ಇಂಗಾಲವಿದೆಯೆಂದು ಪ್ರಕಟಿಸಿದರು. ಅದರಲ್ಲಿ ನೂರಕ್ಕೆ 49ರಿಂದ 98ರ ವರೆಗಿನ ಪಾಲು ಮರದಲ್ಲಿರದೆ ಮಣ್ಣಿನಲ್ಲಿತ್ತು. ಮಣ್ಣಿನ ಆಳ ಅರ್ಧ ಮೀಟರಿನಿಂದ ಮೂರು ಮೀಟರಿಗೂ ಮಿಕ್ಕಿ ಇತ್ತು. ಈ ಲೇಖನ ಲೋಕಪ್ರಸಿದ್ಧವಾಯಿತು; ಅದು ನ್ಯಾಯವೇ. ಆದರೆ ಇದರಲ್ಲಿ ಹೇಳಿರುವುದು ದಾಸ್ತಾನು, ವರ್ಷದ ಸಂಪಾದನೆಯಲ್ಲ. ವರ್ಷದ ಸಂಪಾದನೆಗೆ ಬ್ರೈಟ್‌ಹಾಪ್ಟ್ ಮತ್ತು ಸಂಗಡಿಗರ 2012ರ ಲೇಖನವನ್ನು ನೋಡಬೇಕು: ಚದರ ಮೀಟರಿಗೆ ವರ್ಷಕ್ಕೆ 163 ಗ್ರಾಮು, ಎಂದರೆ ಹೆಕ್ಟೇರಿಗೆ 1.63 ಟನ್ನು. ಎರಡನ್ನೂ ಪಕ್ಕದಲ್ಲಿಟ್ಟು ಭಾಗಿಸಿದರೆ, ಆ ದಾಸ್ತಾನನ್ನು ಹೂಳುವಿಕೆಯಿಂದ ಮಾತ್ರವೇ ಕೂಡಿಡಬೇಕಾದರೆ ಆರುನೂರಕ್ಕಿಂತ ಹೆಚ್ಚು ವರ್ಷ ಬೇಕು. ಮರದಲ್ಲಿರುವ ಪಾಲು ಕೆಲವು ದಶಕಗಳಲ್ಲಿ ಬರುವುದಾದುದರಿಂದಲೂ, ಎರಡು ಸರಾಸರಿಗಳೂ ಒಂದೇ ಸ್ಥಳದವಲ್ಲವಾದುದರಿಂದಲೂ ಈ ಭಾಗಾಕಾರ ಸ್ಥೂಲವಾದದ್ದು. ಆದರೂ ಒಂದು ಹೆಕ್ಟೇರು ಹಳೆಯ ಕಾಡಿಗೆ ಪ್ರತಿಯಾಗಿ ಎರಡು ಹೆಕ್ಟೇರು ಸಸಿ ನೆಟ್ಟು ನಷ್ಟವನ್ನು ತುಂಬಿದೆವೆನ್ನುವ ವಾದಕ್ಕೆ ಅದರಲ್ಲಿ ಉತ್ತರವಿದೆ. ಎರಡು ಹೆಕ್ಟೇರಿನ ಹೊಸ ಕೆಸರೂ ಮುನ್ನೂರು ವರ್ಷ ಕಾಯಿಸುತ್ತದೆ.

ಕೆಸರಿನ ದಾಸ್ತಾನನ್ನು ಮಾತ್ರ ಎಣಿಸುವವರು ಸಮುದ್ರಕ್ಕೆ ಹೋಗಿ ಉಳಿಯುವ ಬೈಕಾರ್ಬೊನೇಟನ್ನು ಬಿಟ್ಟು ಕಾಡಿನ ಉಪಕಾರವನ್ನು ಕಡಮೆ ಮಾಡಿ ಹೇಳುತ್ತಾರೆ. ಕಾಣೆಯಾದುದೆಲ್ಲ ಬೈಕಾರ್ಬೊನೇಟೇ ಎನ್ನುವವರು ಅದನ್ನು ಹೆಚ್ಚಿಸಿ ಹೇಳುತ್ತಾರೆ. ಕೆಸರು ಬಿಡುವ ಮೀಥೇನ್ ವಾಯುವನ್ನು ಇಬ್ಬರೂ ಮರೆಯುವುದುಂಟು. ರೋಸೆಂಟ್ರೆಟರ್ ಮತ್ತು ಸಂಗಡಿಗರು 2018ರಲ್ಲಿ ತೋರಿಸಿದಂತೆ, ಇಂಗಾಲವನ್ನು ಹೂಳುವುದರಿಂದ ಹವೆಗೆ ಆಗುವ ಪ್ರಯೋಜನದಲ್ಲಿ ಸುಮಾರು ಐದರಲ್ಲಿ ಒಂದು ಪಾಲನ್ನು ಆ ಮೀಥೇನು ಅಳಿಸಿಹಾಕಬಲ್ಲದು.

ಈ ವಿಮರ್ಶೆಯನ್ನು ಕರ್ಣಾಟಕದ ತೀರಕ್ಕೆ ಅನ್ವಯಿಸಿದರೆ ವಿಶ್ವಕೋಷ್ಟಕಗಳ ಮಿತಿ ಇನ್ನೂ ಸ್ಪಷ್ಟವಾಗುತ್ತದೆ. ಭಾರತದ 2021ನೆಯ ಅರಣ್ಯಸಮೀಕ್ಷೆಯ ವರದಿಯ ಪ್ರಕಾರ ದೇಶದ ಕಾಂಡ್ಲಕಾಡು 4,992 ಚದರ ಕಿಲೊಮೀಟರು. ಅದರಲ್ಲಿ ಕರ್ಣಾಟಕದ್ದು 13. ಇದನ್ನು 1,023ರಿಂದ ಗುಣಿಸಿದರೆ ಹದಿಮೂರು ಲಕ್ಷ ಟನ್ನೆಂಬ ಉತ್ತರ ಎರಡು ನಿಮಿಷದಲ್ಲಿ ಬರುತ್ತದೆ. ಅಂತಹ ಗುಣಾಕಾರ ಮಾಡುವವರೂ ಇದ್ದಾರೆ. ಆದರೆ ಆ ಸರಾಸರಿಯು ಮೈಕ್ರೊನೇಷಿಯ, ಇಂಡೊನೇಷಿಯ, ಸುಂದರವನಗಳ ಆಳವಾದ ಮಣ್ಣಿನದು; ಅಘನಾಶಿನಿಯ ದಂಡೆಯಲ್ಲಿ ಗಜನಿಗದ್ದೆಗಳ ಕಟ್ಟೆಗೆ ಒತ್ತಿಕೊಂಡು ಪಟ್ಟಿಯಂತೆ ಬೆಳೆದಿರುವ ಕಾಡಿಗೂ, ಅರಣ್ಯ ಇಲಾಖೆ ನೆಟ್ಟು ಬೆಳೆಸಿದ ತೋಪಿಗೂ ಅದು ಹೊಂದಬೇಕಾಗಿಲ್ಲ. ಅಘನಾಶಿನಿಯ ಅಳಿವೆಯು 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿತು. ಅದರ ಕೆಸರಿನ ಆಳ ಎಷ್ಟು, ಅದರಲ್ಲಿ ಕಬ್ಬಿಣ ಎಷ್ಟು ಎಂಬುದನ್ನು ಅಲ್ಲಿಯೇ ಕೊರೆದು ನೋಡಬೇಕೇ ಹೊರತು ಬೇರೆ ತೀರದ ಸರಾಸರಿಯಿಂದ ತಿಳಿಯಲಾಗದು.

ಅಲ್ಲಿ ಇನ್ನೊಂದು ವಿಶೇಷವೂ ಇದೆ. ಘಟ್ಟದ ನೀರೆಲ್ಲ ನಾಲ್ಕು ತಿಂಗಳಲ್ಲಿ ಇಳಿದುಬರುವ ಪಶ್ಚಿಮತೀರದ ಅಳಿವೆಗಳಲ್ಲಿ ಮಳೆಗಾಲದಲ್ಲಿ ಉಪ್ಪು ಬಹುಮಟ್ಟಿಗೆ ತೊಳೆದುಹೋಗುತ್ತದೆ. ಕಗ್ಗದ ಬತ್ತವನ್ನು ಬಿತ್ತುವ ಗಜನಿಯ ರೈತರ ಬೇಸಾಯವೆಲ್ಲ ಈ ಸಂಗತಿಯನ್ನೇ ನೆಚ್ಚಿಕೊಂಡಿದೆ. ಉಪ್ಪು ಹೋದರೆ ಅದರೊಡನೆ ಸಲ್ಫೇಟೂ ಹೋಗುತ್ತದೆ. ಸಲ್ಫೇಟು ಕಡಮೆಯಾದ ಕೆಸರಿನಲ್ಲಿ ಬೈಕಾರ್ಬೊನೇಟಿನ ಹುಟ್ಟುವಳಿ ತಗ್ಗಿ ಮೀಥೇನಿನದು ಏರಲು ಅವಕಾಶವಾಗುತ್ತದೆ. ಮತ್ತೆ ಬೇಸಗೆಯಲ್ಲಿ ಕಡಲ ನೀರು ಒಳಕ್ಕೆ ಬಂದಾಗ ಕ್ರಮ ಬದಲಾಗುತ್ತದೆ. ಒಣಹವೆಯ ತಿಂಗಳುಗಳಲ್ಲಿ ಕೆಲವು ಭರತಗಳನ್ನು ಅಳೆದು ವರ್ಷಕ್ಕೆಲ್ಲ ಹಿಗ್ಗಿಸಿದ ಅಂಕಿಯು ಇಲ್ಲಿ ನಿಲ್ಲುವಂತಿಲ್ಲ. ಒಂದೇ ಕಾಲುವೆಯ ಬಾಯಿಯಲ್ಲಿ, ಹುಣ್ಣಿಮೆಯ ಭರತದಲ್ಲಿಯೂ ಅಷ್ಟಮಿಯ ಭರತದಲ್ಲಿಯೂ, ಆಷಾಢದಲ್ಲಿಯೂ ಮಾಘದಲ್ಲಿಯೂ, ಒಳಗೆ ಬರುವ ನೀರಿನ ಮತ್ತು ಹೊರಗೆ ಹೋಗುವ ನೀರಿನ ಕ್ಷಾರವನ್ನು ಗಂಟೆಗೊಮ್ಮೆ ಅಳೆದರೆ ಈ ತೀರದ ಲೆಕ್ಕಕ್ಕೆ ಮೊದಲನೆಯ ಸಾಲು ಸಿಕ್ಕುತ್ತದೆ.